ಡ್ರ್ಯಾಗ್ ಎಂಬ ಬೀದಿ

ಸಿನಿಮಾ ನೋಡಿ ಹೊರಬಂದವರನ್ನು ಹೇಗಿತ್ತು ಎಂದು ಕೇಳಿದರೆ ‘ಫಸ್ಟ್ ಹಾಫ್ ಪರವಾಗಿಲ್ಲ, ಸೆಕೆಂಡ್ ಹಾಫ್ ಡ್ರ್ಯಾಗು’ ಎನ್ನುತ್ತಾರೆ. ಕೋರ್ಟಿನ ಕೇಸು ಡ್ರ್ಯಾಗ್ ಆಗುತ್ತದೆ, ಜಮೀನಿನ ವ್ಯವಹಾರ ಡ್ರ್ಯಾಗ್ ಆಗುತ್ತದೆ. ‘ಸುಮ್ನೆ ಡ್ರ್ಯಾಗ್ ಮಾಡ್ಬೇಡ, ವಿಷಯಕ್ಕೆ ಬಾ’ ಎಂದು ಗೆಳೆಯರು ಗದರುತ್ತಾರೆ. ನಮ್ಮ ಬಾಯಲ್ಲಿ ಅದು ನಿಧಾನದ ಪದ. ಅದೇ ಪದ ಪತ್ರಿಕೆಯಲ್ಲಿ ‘ಡ್ರ್ಯಾಗ್ ರೇಸ್’ ಎಂದು ಅಚ್ಚಾದಾಗ ನಡುರಾತ್ರಿ, ಖಾಲಿ ರಸ್ತೆ, ಪೊಲೀಸರು ಕಣ್ಣ ಮುಂದೆ ಬರುತ್ತಾರೆ. ನಿಧಾನದ ಸುಳಿವೂ ಉಳಿಯುವುದಿಲ್ಲ.

ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ಎಳೆಯುವುದು. ನಮ್ಮ ‘ಎಳೆ’ಗೂ ಇಂಥದೇ ಎರಡು ಮುಖಗಳಿವೆ. ಮಾತು ಎಳೆಯುವವನು ಬೇಸರ ತರಿಸುತ್ತಾನೆ. ಗ್ಯಾರೇಜಿನಲ್ಲಿ ಮಾತ್ರ ಎಳೆಯುವುದೇ ಗುಣ. ‘ಗಾಡಿ ಎಳೀತಾ ಇಲ್ಲ ಸಾರ್, ಕಾರ್ಬುರೇಟರ್ ಕ್ಲೀನ್ ಮಾಡ್ಬೇಕು’ ಎನ್ನುತ್ತಾನೆ ಮೆಕ್ಯಾನಿಕ್. ಇಂಗ್ಲಿಷಿನ ಪದ ಇನ್ನೂ ಒಂದು ತಿರುವು ತೆಗೆದುಕೊಂಡಿತು. ಹತ್ತೊಂಬತ್ತನೇ ಶತಮಾನದಲ್ಲಿ ನಾಲ್ಕು ಕುದುರೆ ಎಳೆಯುವ ಸಾರೋಟಿಗೆ ‘ಡ್ರ್ಯಾಗ್’ ಎಂದರು, ಆಡುಮಾತಿನಲ್ಲಿ ಬೀದಿಗೂ ಅದೇ ಹೆಸರಾಯಿತು. ಅಮೆರಿಕದ ಸಣ್ಣ ಊರುಗಳಲ್ಲಿ ‘ಮೇನ್ ಡ್ರ್ಯಾಗ್’ ಎಂದರೆ ಊರಿನ ಮುಖ್ಯ ಬೀದಿ. ಉಡುಪಿ, ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೇರು ಎಳೆಯುವ ಬೀದಿ ರಥಬೀದಿ, ಇಂಗ್ಲಿಷ್ ಬಾಯಿಗೆ ಅದು ಕಾರ್ ಸ್ಟ್ರೀಟ್. ಊರಿನ ಅಂಗಡಿ, ಭೇಟಿ, ಜಗಳ, ಮೆರವಣಿಗೆ ಎಲ್ಲವೂ ಅಲ್ಲೇ.

ಡ್ರ್ಯಾಗ್ ರೇಸಿಗೆ ಆ ಹೆಸರು ಹೇಗೆ ಬಂತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಗೇರನ್ನು ಬದಲಿಸದೆ ಎಳೆದೆಳೆದು ಓಡಿಸುವುದರಿಂದ ಬಂತು ಎನ್ನುವವರಿದ್ದಾರೆ. ‘ನಿನ್ನ ಕಾರನ್ನು ಗ್ಯಾರೇಜಿನಿಂದ ಹೊರಗೆ ಎಳೆದು ತಾ, ನೋಡೇಬಿಡೋಣ’ ಎಂಬ ಸವಾಲಿನಿಂದ ಬಂತು ಎನ್ನುವವರಿದ್ದಾರೆ. ಮೇನ್ ಡ್ರ್ಯಾಗಿನಲ್ಲಿ ಓಡಿಸುತ್ತಿದ್ದದ್ದರಿಂದ ಬಂತು ಎಂಬುದು ಮತ್ತೊಂದು. ನನ್ನ ಮನಸ್ಸು ವಾಲುವುದು ಈ ಬೀದಿಯ ಕಥೆಯ ಕಡೆಗೆ. ನಿಘಂಟಿನ ಪುರಾವೆಗಿಂತ ಹೆಚ್ಚಾಗಿ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆ ಅದಕ್ಕೆ ಕಾರಣ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ನದಿಯ ಬಳಿ ಹೊರಟು ಪಾಂಟಿಯಾಕ್ ಊರಿನವರೆಗೆ ಹೋಗುವ ರಸ್ತೆ ಅದು. 1909ರಲ್ಲಿ ಅದರ ಒಂದು ಮೈಲಿಗೆ ಕಾಂಕ್ರೀಟು ಹಾಕಿದ್ದನ್ನು ಅಮೆರಿಕದ ರಸ್ತೆಗಳ ಚರಿತ್ರೆಯಲ್ಲಿ ಮೊದಲ ಹೆಜ್ಜೆ ಎಂದು ನೆನೆಯುತ್ತಾರೆ. 1913ರಲ್ಲಿ ಚಲಿಸುವ ಜೋಡಣಾ ಸಾಲು ಶುರುವಾದ ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಇದೇ ರಸ್ತೆಯ ಬದಿಗಿದೆ. ಊರ ಹೊರಗೆ ರಸ್ತೆ ಅಗಲವಾಗುತ್ತದೆ, ನಡುವೆ ಹುಲ್ಲಿನ ಪಟ್ಟಿ. ಅರವತ್ತರ ದಶಕದಲ್ಲಿ ಬೇಸಿಗೆಯ ಸಂಜೆಗಳಲ್ಲಿ ಹುಡುಗ ಹುಡುಗಿಯರು ರಾಯಲ್ ಓಕ್‌ನ ಟೋಟೆಮ್ ಪೋಲ್ ಡ್ರೈವ್-ಇನ್‌ನಿಂದ ಬ್ಲೂಮ್‌ಫೀಲ್ಡ್ ಕಡೆಯ ಟೆಡ್ಸ್ ಡ್ರೈವ್-ಇನ್‌ಗೆ ಹೋಗಿ, ಹ್ಯಾಂಬರ್ಗರ್ ತಿಂದು, ತಿರುಗಿಸಿಕೊಂಡು ಮತ್ತೆ ವಾಪಸು ಬರುತ್ತಿದ್ದರು. ಅದಕ್ಕೆ ಅವರ ಮಾತು ಕ್ರೂಸಿಂಗ್, ನಮ್ಮದು ‘ಒಂದು ರೌಂಡ್ ಹಾಕಿಕೊಂಡು ಬರೋಣ’.

ಆ ರೌಂಡಿನ ನಡುವೆ ರೇಸು. ಕೆಂಪು ದೀಪಕ್ಕೆ ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಿಸಿಕೊಂಡ ವಿ-8 ಎಂಜಿನ್ನು ನಿಂತಲ್ಲಿ ಸಮವಾಗಿ ಓಡುವುದಿಲ್ಲ. ತಡವರಿಸುತ್ತದೆ, ಬಾನೆಟ್ಟನ್ನು ನಡುಗಿಸುತ್ತದೆ. ಆ ತಡವರಿಕೆ ಕೇಳಿಯೇ ಪಕ್ಕದವನಿಗೆ ಒಳಗೇನಿದೆ ಎಂದು ಗೊತ್ತಾಗುತ್ತದೆ. ಕಿಟಕಿ ಇಳಿದಿದೆ. ಒಂದು ನೋಟ, ತಲೆಯ ಒಂದು ಅಲುಗಾಟ, ಒಪ್ಪಂದ ಮುಗಿಯಿತು. ಎಡಗಾಲು ಕ್ಲಚ್ಚಿನ ಮೇಲೆ, ಬಲಗೈ ಗೇರಿನ ಮೇಲೆ. ಕಣ್ಣು ಮಾತ್ರ ಎದುರಿನ ದೀಪದ ಮೇಲಿಲ್ಲ. ಅಡ್ಡರಸ್ತೆಯ ದೀಪ ಹಳದಿಯಾಗುವುದನ್ನು ಕಾಯುತ್ತಿದೆ. ಹಸಿರು ಬಂದಾಗ ಕ್ಲಚ್ಚು ತುಸು ಜೋರಾಗಿ ಬಿಟ್ಟರೂ ಆ ಕಾಲದ ಕಿರಿದಾದ ಟೈರುಗಳು ನಿಂತಲ್ಲೇ ಸುತ್ತಿ ಹೊಗೆಯೆಬ್ಬಿಸುತ್ತವೆ, ಅಷ್ಟರಲ್ಲಿ ಇನ್ನೊಬ್ಬ ಹೋಗಿಯಾಯಿತು. ಗೆಲ್ಲಿಸುತ್ತಿದ್ದದ್ದು ಎಂಜಿನ್ನಿಗಿಂತ ಕಾಲಿನ ಹದ. ಒಳ್ಳೆಯ ಕಾರಿಗೆ ಕಾಲು ಮೈಲಿ, ಅಂದರೆ 402 ಮೀಟರು, ಸುಮಾರು 14 ಸೆಕೆಂಡಿನ ಮಾತು. ನಾಲ್ಕೂ ದಿಕ್ಕಿಗೆ ಮೂರು ಬಣ್ಣ ತೋರಿಸುವ ಟ್ರಾಫಿಕ್ ದೀಪವನ್ನು 1920ರಲ್ಲಿ ಮೊದಲು ಹಾಕಿದ್ದೂ ಡೆಟ್ರಾಯಿಟಿನಲ್ಲೇ, ವುಡ್‌ವರ್ಡ್‌ನ ಮೇಲೆಯೇ.

ಈ ರಸ್ತೆಗೆ ಹುಡುಗರಷ್ಟೇ ಬರುತ್ತಿರಲಿಲ್ಲ. ಕಾರು ಕಂಪನಿಗಳ ಎಂಜಿನಿಯರುಗಳೂ ಹೊಸ ಎಂಜಿನ್ನು ಹಾಕಿದ ಗಾಡಿಗಳನ್ನು ಸದ್ದಿಲ್ಲದೆ ತಂದು ಇಲ್ಲಿ ಪರೀಕ್ಷಿಸುತ್ತಿದ್ದರು. ಮಸಲ್ ಕಾರ್ ಎಂದು ಇಂದು ಕರೆಯುವ ಜಾತಿ ಈ ಬೀದಿಯನ್ನು ಬಲ್ಲವರ ತಲೆಯಿಂದಲೇ ಬಂತು. 1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ರೇಸಿನ ಸಹವಾಸ ಬೇಡ ಎಂದು ಕಟ್ಟಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ ಇಷ್ಟಕ್ಕಿಂತ ದೊಡ್ಡ ಎಂಜಿನ್ನು ಹಾಕಕೂಡದು ಎಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೊರಿಯನ್ ಮತ್ತು ಸಂಗಡಿಗರು ದೊಡ್ಡ ಕಾರಿನ 389 ಘನ ಇಂಚಿನ, ಸುಮಾರು 6.4 ಲೀಟರಿನ, ಎಂಜಿನ್ನನ್ನು ಟೆಂಪೆಸ್ಟ್ ಎಂಬ ಮಧ್ಯಮ ಕಾರಿನೊಳಗೆ ಕೂರಿಸಿದರು. ಹೊಸ ಮಾದರಿ ಎಂದರೆ ಮೇಲಿನವರು ಒಪ್ಪುವುದಿಲ್ಲ. ಅದಕ್ಕೇ ಅದನ್ನು ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್ ಎಂದು ಪಟ್ಟಿಗೆ ಸೇರಿಸಿದರು. ಅದೇ 1964ರ ಜಿಟಿಒ. 5,000 ಮಾರಿದರೆ ಸಾಕು ಎಂದುಕೊಂಡಿದ್ದ ಕಾರು ಮೊದಲ ವರ್ಷವೇ 32,000 ದಾಟಿತು. ಅದರ ಜಾಹೀರಾತು ನೋಡಿಕೊಂಡ ಜಿಮ್ ವ್ಯಾಂಗರ್ಸ್‌ಗೆ ವುಡ್‌ವರ್ಡ್‌ನ ಸಂಜೆಗಳು ಚೆನ್ನಾಗಿ ಗೊತ್ತಿದ್ದವು. ಜಿಟಿಒ ಬೆನ್ನಿಗೆ ಶೆವೆಲ್, ಚಾರ್ಜರ್, ರೋಡ್ ರನ್ನರ್ ಸಾಲುಸಾಲಾಗಿ ಬಂದವು. 1970ರ ಶೆವೆಲ್ ಎಸ್‌ಎಸ್ 454ರಲ್ಲಿ ಕಂಪನಿಯ ಲೆಕ್ಕಕ್ಕೆ 450ರವರೆಗೆ ಅಶ್ವಶಕ್ತಿ ಇತ್ತು.

ಬೀದಿಯಲ್ಲಿ ಹುಟ್ಟಿದ ಪದವನ್ನು ಬೀದಿಯಿಂದ ಬಿಡಿಸಲು ಹೆಣಗಿದವರೂ ಇದ್ದರು. ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಹುಡುಗರು ಹೇಗೂ ಓಡಿಸುತ್ತಾರೆ, ಅದಕ್ಕೊಂದು ಜಾಗ, ಒಂದು ನಿಯಮ, ಒಂದು ಆಂಬುಲೆನ್ಸ್ ಇರಲಿ ಎಂಬುದು ಅವರ ವಾದ. ಅದರ ಹಿಂದಿನ ವರ್ಷವೇ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದ ರನ್‌ವೇ ಮೇಲೆ ಟಿಕೆಟ್ಟು ಇಟ್ಟು ಡ್ರ್ಯಾಗ್ ರೇಸ್ ಶುರುವಾಗಿತ್ತು. ಆ ಪ್ರಯತ್ನವನ್ನು ನಾನು ಗೌರವಿಸುತ್ತೇನೆ. ರಸ್ತೆಯ ರೇಸಿನಲ್ಲಿ ಸತ್ತವರಲ್ಲಿ ರೇಸಿಗೆ ಒಪ್ಪಿ ತಲೆ ಅಲುಗಿಸದವರೂ ಇದ್ದರು: ಪಕ್ಕದ ಸೀಟಿನ ಗೆಳತಿ, ಎದುರಿನಿಂದ ಮನೆಗೆ ಹೊರಟಿದ್ದ ಕಾರಿನವರು. ಹಳೆಯ ದಿನಗಳನ್ನು ಹಾಡಿ ಹೊಗಳುವಾಗ ಇವರನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಆ ಬೀದಿ ಎಲ್ಲರದ್ದೂ ಆಗಿರಲಿಲ್ಲ ಎಂಬುದನ್ನೂ ಬಿಡುವಂತಿಲ್ಲ. ವುಡ್‌ವರ್ಡನ್ನು ಅಡ್ಡ ಹಾಯುವ ಎಂಟನೇ ಮೈಲಿ ರಸ್ತೆ ಕರಿಯರೂ ಬದುಕುತ್ತಿದ್ದ ನಗರಕ್ಕೂ ಬಿಳಿಯರ ಹೊರವಲಯಕ್ಕೂ ನಡುವಿನ ಗೆರೆಯಾಗಿತ್ತು. ಕ್ರೂಸಿಂಗ್ ಹೆಸರು ಮಾಡಿದ್ದು ಆ ಗೆರೆಯ ಆಚೆ, ಬಿಳಿಯರ ಊರುಗಳಲ್ಲಿ. 1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದು 43 ಮಂದಿ ಸತ್ತ ಕಾಲವೂ ಇದೇ ಮಸಲ್ ಕಾರುಗಳ ಕಾಲ.

ಮುಗಿದದ್ದು ಬೇಗ. ವಿಮೆಯ ಕಂತು ಹುಡುಗರ ಕೈಗೆಟುಕದಷ್ಟು ಏರಿತು. 1970ರ ವಾಯುಶುದ್ಧಿ ಕಾಯಿದೆ ಎಂಜಿನ್ನುಗಳನ್ನು ಬದಲಿಸಿತು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ ಜಾರ್ಜ್ ಲ್ಯೂಕಸ್ ಅವರ ‘ಅಮೆರಿಕನ್ ಗ್ರಾಫಿಟಿ’ ತೆರೆಗೆ ಬಂದಿತ್ತು. ಲ್ಯೂಕಸ್ ತಮ್ಮ ಊರು ಮೊಡೆಸ್ಟೊದ ಮೇನ್ ಡ್ರ್ಯಾಗನ್ನು, 1962ರ ಒಂದು ರಾತ್ರಿಯನ್ನು, ಮತ್ತೆ ಕಟ್ಟಿದ ಚಿತ್ರ ಅದು. ಅದರಲ್ಲಿ ರೇಸು ಬರುವುದು ಕೊನೆಗೆ, ಕೆಲವೇ ಕ್ಷಣ. ಉಳಿದಷ್ಟೂ ಹೊತ್ತು ಕಾರುಗಳು ಒಂದೇ ಬೀದಿಯಲ್ಲಿ ಮೆಲ್ಲಗೆ ಅತ್ತಿಂದಿತ್ತ ಸುತ್ತುತ್ತವೆ, ಕಿಟಕಿಯಿಂದ ಕಿಟಕಿಗೆ ಮಾತು ಹಾರುತ್ತದೆ, ಎಲ್ಲ ಕಾರಿನಲ್ಲೂ ಒಂದೇ ರೇಡಿಯೊ.

ಆ ದಿನಗಳ ಹಂಬಲದ ತಿರುಳು ಆ ಮೆಲ್ಲಗಿನ ಸುತ್ತಾಟದಲ್ಲಿದೆ ಎಂದು ನನಗನ್ನಿಸುತ್ತದೆ. 1995ರಿಂದ ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತಾ ಬಂದಿದೆ. ಫರ್ನ್‌ಡೇಲ್‌ನಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಶುರುವಾದದ್ದು ಅದು. ಈಗ ಲಕ್ಷಾಂತರ ಜನ ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನೂರಾರು ಅಶ್ವಶಕ್ತಿಯ ಕಾರುಗಳು ನಡಿಗೆಯ ವೇಗದಲ್ಲಿ ಸಾಗುತ್ತವೆ. ಅಲ್ಲಿ ಯಾರೂ ರೇಸ್ ಮಾಡುವುದಿಲ್ಲ, ಯಾರೂ ನಿರಾಶರಾಗಿ ಮನೆಗೆ ಹೋಗುವುದೂ ಇಲ್ಲ. ಬರಿಯ ವೇಗವೇ ಬೇಕಿದ್ದರೆ ಇಂದಿನ ಎಲೆಕ್ಟ್ರಿಕ್ ಕಾರು ಮಕ್ಕಳನ್ನು ಹಿಂದೆ ಕೂರಿಸಿಕೊಂಡೇ ಜಿಟಿಒವನ್ನು ಕಾಲು ಮೈಲಿಯಲ್ಲಿ ಹಿಂದೆ ಹಾಕುತ್ತದೆ. ಹಾಗಿದ್ದರೂ ಅವರು ನೆನೆಯುವುದು ಡ್ರ್ಯಾಗ್ ಎಂಬ ಬೀದಿಯನ್ನು. ಹದಿನಾಲ್ಕು ಸೆಕೆಂಡಿನ ಡ್ರ್ಯಾಗಿಗಾಗಿ ಇಡೀ ಸಂಜೆ ಆ ಡ್ರ್ಯಾಗಿನಲ್ಲಿ ಕಳೆಯುತ್ತಿದ್ದದ್ದನ್ನು.

ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100 ಬೈಕನ್ನು ಓಡಿಸಿದವರ ಮಾತಿಗೂ ನಾನು ಹೀಗೆಯೇ ಕಿವಿಗೊಟ್ಟಿದ್ದೇನೆ. 98 ಸಿಸಿಯ ಆ ಪುಟ್ಟ ಟೂ-ಸ್ಟ್ರೋಕ್ ಎಷ್ಟು ವೇಗ ಹೋಗುತ್ತಿತ್ತು ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆಮೇಲೆ ರೌಂಡ್ಸಿನ ಮಾತು: ಯಾವ ಕಾಲೇಜಿನ ಗೇಟು, ಯಾವ ಬೇಕರಿ, ಪೆಟ್ರೋಲಿಗೆ ಯಾರು ಎಷ್ಟು ಹಾಕಿದ್ದು, ಸದ್ದು ಕೇಳಿಯೇ ಯಾರ ಗಾಡಿ ಎಂದು ಯಾವ ಮನೆಯವರು ಗುರುತಿಸುತ್ತಿದ್ದರು. ಅದು ಗಂಟೆಗಟ್ಟಲೆ ನಡೆಯುತ್ತದೆ. ಡ್ರ್ಯಾಗ್ ಆಯಿತು ಎಂದು ಅವರಲ್ಲಿ ಯಾರೂ ಎದ್ದು ಹೋದದ್ದನ್ನು ನಾನು ನೋಡಿಲ್ಲ.