ಸಾತಳ್ಳಿಯ ದೊಡ್ಡಸ್ವಾಮಿಯವರು ಮತ್ತು ಸಿಡುಬಿನ ದಾಕು



ಅಕ್ಟೋಬರ್ 18, ವೈದ್ಯರ ಪಾಲಕರಾದ ಸಂತ ಲೂಕರ ಹಬ್ಬ. ರೋಗ ವಾಸಿಮಾಡಿದವರನ್ನು ನಾವು ಅಂದು ಪೂಜೆಯಲ್ಲಿ ನೆನೆಯುತ್ತೇವೆ. ರೋಗವೇ ಬಾರದಂತೆ ಕಾದವರನ್ನು ನೆನೆಯುವುದು ಕಡಿಮೆ; ಬಾರದೇ ಹೋದ ಕಾಯಿಲೆಗೆ ಯಾರು ಕೃತಜ್ಞತೆ ಹೇಳುತ್ತಾರೆ? ಸಾಲಗಾಮೆ, ಗೊರೂರು, ಆಲೂರು ಕಡೆಯ ಕ್ರೈಸ್ತರಾದ ನಮಗೆ ಮಾತ್ರ ಅಂಥ ಒಬ್ಬರ ಋಣವಿದೆ. ಅವರು ವೈದ್ಯರಲ್ಲ, ಗುರುಗಳು.

ಫ್ರಾನ್ಸಿನ ಅಬ್ಬೆ ದ್ಯುಬುವಾ 1792ರಲ್ಲಿ ಪ್ಯಾರಿಸ್ ಮಿಷನ್ನಿನಿಂದ ಭಾರತಕ್ಕೆ ಹೊರಟವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಇಲ್ಲಿಯವರಂತೆ ಉಟ್ಟರು, ಇಲ್ಲಿಯವರಂತೆ ಉಂಡರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು.

ಜೆನ್ನರ್ ಕಂಡುಹಿಡಿದ ಗೋವಿನ ಸಿಡುಬಿನ ದಾಕು 1802ರ ಜೂನ್‌ನಲ್ಲಿ ಬೊಂಬಾಯಿಗೆ ಬಂತು. ಮೊದಲು ಹಾಕಿಸಿಕೊಂಡದ್ದು ಮೂರು ವರ್ಷದ ಒಂದು ಹೆಣ್ಣುಮಗು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಬಿಸಿಲಿಗೆ ಮದ್ದು ಕೆಡುತ್ತಿತ್ತು. ಆದ್ದರಿಂದ ಮಕ್ಕಳ ತೋಳೇ ಮದ್ದಿನ ಪೆಟ್ಟಿಗೆ. ದಾಕು ಹಾಕಿದ ಸುಮಾರು ಎಂಟನೆಯ ದಿನ ಗುಳ್ಳೆ ತುಂಬುತ್ತದೆ. ಅದರ ರಸವನ್ನು ಸೂಜಿಮೊನೆಯಲ್ಲಿ ತೆಗೆದು ಮುಂದಿನ ಮಗುವಿನ ತೋಳಿಗೆ ಗೀರಬೇಕು. ಆ ವಾರ ಯಾವ ತಾಯಿಯೂ ಮಗುವನ್ನು ಕರೆತರದಿದ್ದರೆ ಸರಪಳಿ ಅಲ್ಲೇ ತುಂಡು. ಒಂದು ಮನೆಯ ಮಗುವಿನ ಮೈಯಿಂದ ಇನ್ನೊಂದು ಮನೆಯ ಮಗುವಿನ ಮೈಗೆ! ಜಾತಿ, ಮಡಿ, ಅಮ್ಮನ ಭಯ ಎಲ್ಲವನ್ನೂ ದಾಟಿ ಒಪ್ಪಿಸಬೇಕಿತ್ತು. ಕಂಪನಿಯ ಆಜ್ಞೆಯಿಂದಷ್ಟೇ ಆಗುವ ಕೆಲಸವಲ್ಲ ಅದು. ಪರಿಚಿತ ಮುಖವೊಂದು ಬೇಕಿತ್ತು.

1803-04ರಲ್ಲಿ ದ್ಯುಬುವಾ ಅವರ ಲೆಕ್ಕದಲ್ಲಿ ಮೈಸೂರು ಸೀಮೆಯ 25,000ಕ್ಕೂ ಹೆಚ್ಚು ಮಂದಿಗೆ ದಾಕು ಬಿತ್ತು. ಕಂಪನಿಗೆ ಇದರಲ್ಲಿ ತನ್ನ ಸ್ವಾರ್ಥ ಇದ್ದೇ ಇತ್ತು. ಅದನ್ನು ನಾವು ಮರೆಮಾಚುವುದು ಬೇಡ.

ಲೋಕ ದ್ಯುಬುವಾ ಅವರನ್ನು ಬಲ್ಲದ್ದು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಹಿಂದೂಗಳ ಆಚಾರ ವಿಚಾರ ಕುರಿತ ಪುಸ್ತಕದಿಂದ. ಅದರಲ್ಲಿ ನಮ್ಮ ಜನರ ಮೇಲೆ ಕಟುವಾದ ಮಾತುಗಳಿವೆ. ಅಷ್ಟೇ ಅಲ್ಲ, ಅದರ ಬಹುಭಾಗ ಯೇಸುಸಭೆಯ ಫಾದರ್ ಕೂರ್ದೂ ಬರೆದಿಟ್ಟಿದ್ದ ಬರಹದಿಂದ ಬಂದದ್ದೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಹೆಸರು ತಂದುಕೊಟ್ಟ ಪುಸ್ತಕ ಹೆಚ್ಚುಪಾಲು ಇನ್ನೊಬ್ಬರದು. ಹೆಸರು ತಾರದ ದಾಕಿನ ಕೆಲಸ ಅವರದೇ. ನಮಗೆ ಈ ಎರಡನೆಯದೇ ದೊಡ್ಡದು.

1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಮತಾಂತರದ ಕೆಲಸದ ಬಗ್ಗೆ ಅವರಿಗೆ ಆಸೆ ಉಳಿದಿರಲಿಲ್ಲ. ಅದೇ ವರ್ಷ ಪ್ರಕಟವಾದ ಅವರ ಪತ್ರಗಳು ಅದನ್ನು ಬಿಚ್ಚಿಟ್ಟೇ ಹೇಳುತ್ತವೆ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಇಂದಿನ ಮಕ್ಕಳ ತೋಳಿನ ಸಣ್ಣ ಕಲೆ ಕ್ಷಯದ ಲಸಿಕೆಯದು. ಸಿಡುಬಿನ ದಾಕಿನ ದುಂಡನೆಯ ಕಲೆಯನ್ನು ನೋಡಬೇಕೆಂದರೆ, ಭಾನುವಾರ ಪರಮಪ್ರಸಾದಕ್ಕೆ ಬರುವ ನಮ್ಮ ಅಜ್ಜ ಅಜ್ಜಿಯರ ತೋಳನ್ನೇ ನೋಡಬೇಕು.