ಒಂದು ಜಲಪಾತ, ಎರಡು ಸರ್ಕಾರ

ಭರಚುಕ್ಕಿ ಯಾವ ಜಿಲ್ಲೆಯಲ್ಲಿದೆ ಅಂತ ಕೇಳಿದರೆ ನಾವು ಗುಂಡ್ಲುಪೇಟೆ ಕಡೆಯವರು ಥಟ್ಟನೆ "ನಮ್ಮದೇ, ಚಾಮರಾಜನಗರ ಜಿಲ್ಲೆ" ಅಂತೀವಿ. ನೂರಿಪ್ಪತ್ತು ವರ್ಷದ ಹಿಂದೆ ಹಾಗೆ ಹೇಳುವಂತಿರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಮಹಾರಾಜರ ಸೀಮೆ. ಪಕ್ಕದ ಕೊಳ್ಳೇಗಾಲ ಮಾತ್ರ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು! ಅದು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಮೂರೂ ಊರು ಸೇರಿ ಒಂದು ಜಿಲ್ಲೆಯಾದದ್ದು 1997ರಲ್ಲಿ.

ಈ ಹಳೆಯ ಗಡಿಯನ್ನು ನೆನಪಿಟ್ಟುಕೊಂಡು ಶಿವನಸಮುದ್ರದ ಕರೆಂಟಿನ ಕಥೆ ಓದಿ. ಅದು ಯಂತ್ರಗಳ ಕಥೆಗಿಂತ ಹೆಚ್ಚಾಗಿ ಒಪ್ಪಿಗೆಗಳ ಕಥೆ ಅನ್ನಿಸುತ್ತದೆ.

ಮೊದಲ ಅರ್ಜಿ ಸರ್ಕಾರದ್ದಲ್ಲ. 1894ರಲ್ಲಿ ಎಡ್ಮಂಡ್ ಕ್ಯಾರಿಂಗ್ಟನ್ ಎಂಬ ಇಂಗ್ಲೆಂಡಿನ ಎಂಜಿನಿಯರ್, ಜಲಪಾತವನ್ನು ಬಳಸಿಕೊಳ್ಳಲು ತನಗೆ ಅನುಮತಿ ಕೊಡಿ ಎಂದು ಮೈಸೂರನ್ನು ಕೇಳಿದ. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ಕೊನೆಗೆ ಯೋಜನೆ ಖಾಸಗಿಯವರ ಕೈಗೆ ಹೋಗಲಿಲ್ಲ, ಸಂಸ್ಥಾನವೇ ಕೈಗೆತ್ತಿಕೊಂಡಿತು. 1899ರಲ್ಲಿ ಉಪ ಮುಖ್ಯ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ನೀಲಿನಕ್ಷೆ ಸಿದ್ಧ ಮಾಡಿದರು. ಗಿರಾಕಿಯೂ ಸಿಕ್ಕಿತ್ತು. ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿ.

ಆದರೆ ದಿವಾನರು ಹೂಂ ಅಂದರೆ ಸಾಕಾಗುತ್ತಿರಲಿಲ್ಲ. ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಿದ್ದರು, ಮಗ ಇನ್ನೂ ಚಿಕ್ಕವನು, ರಾಜ್ಯಭಾರ ಮಹಾರಾಣಿಯವರದು, ಮೇಲೆ ಬ್ರಿಟಿಷರ ಕಣ್ಣು. ಜೊತೆಗೆ ನದಿಯ ನಡುಗಡ್ಡೆ, ಭರಚುಕ್ಕಿಯ ದಡ ಎಲ್ಲ ಮದ್ರಾಸಿನವು. ವಿದ್ಯುತ್ ಮನೆ ಮೈಸೂರಿನ ದಡದಲ್ಲೇ ಇದ್ದರೂ ಮದ್ರಾಸಿನ ಒಪ್ಪಿಗೆ ಬೇಕಿತ್ತು. 1892ರಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದ ಹೊಸ ನೀರಾವರಿ ಕಾಮಗಾರಿಗಳ ಬಗ್ಗೆ. ಇಲ್ಲಿ ನೀರು ಖರ್ಚಾಗುವುದಿಲ್ಲ, ಧುಮುಕಿ ಮತ್ತೆ ಹೊಳೆಗೇ ಸೇರುತ್ತದೆ.

1902ರ ಜೂನ್ 30ರಂದು ಕರೆಂಟು ಹರಿಯಿತು. ತಲಾ 720 ಕಿಲೋವ್ಯಾಟಿನ ಆರು ಯಂತ್ರ, 147 ಕಿ.ಮೀ. ತಂತಿ. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಗೆ ಕರೆಂಟು ಎಲ್ಲಿಂದ? ಕನ್ನಂಬಾಡಿ ಕಟ್ಟೆ ಬೇಕೆಂದದ್ದಕ್ಕೆ ಇದೂ ಒಂದು ಕಾರಣ. ಕಟ್ಟೆ ಅಂದಮೇಲೆ ನೀರು ಹಿಡಿದಿಟ್ಟ ಹಾಗಾಯಿತಲ್ಲ! ಮದ್ರಾಸಿನ ತಕರಾರು, 1914ರ ಗ್ರಿಫಿನ್ ತೀರ್ಪು, ಕೊನೆಗೆ 1924ರ ಒಪ್ಪಂದ. ನಮ್ಮ ಕಾವೇರಿ ಜಗಳದ ಒಂದು ಬೇರು ಆ ವಿದ್ಯುತ್ ಮನೆಯ ಬಾಗಿಲಲ್ಲೇ ಇದೆ.

ಇಷ್ಟೆಲ್ಲ ಒಪ್ಪಿಗೆಗಳಲ್ಲಿ ನನಗೆ ಕಾಣದೇ ಹೋದದ್ದು ಒಂದೇ. ದಡದ ಊರಿನವರನ್ನು ಕೇಳಬೇಕು ಎನ್ನುವ ನಿಯಮ. ದಿವಾನರು, ರೆಸಿಡೆಂಟರು, ಮದ್ರಾಸು, ಕಂಪನಿ, ಎಲ್ಲರ ಸಹಿಗೂ ಜಾಗವಿತ್ತು. ಅಲ್ಲಿ ಮೀನು ಹಿಡಿಯುವವನಿಗೆ ಇರಲಿಲ್ಲ.

ಈಗ ಹಾಗಿಲ್ಲ ಅಂತೀರಾ? 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಜಲವಿದ್ಯುತ್ ಯೋಜನೆಗೆ ಜನರ ಅಹವಾಲು ಕೇಳಲೇಬೇಕು. ಆದರೆ 25 ಮೆಗಾವ್ಯಾಟಿಗಿಂತ ಚಿಕ್ಕದಾದರೆ ಆ ಅಧಿಸೂಚನೆಯ ಪಟ್ಟಿಗೇ ಬರುವುದಿಲ್ಲ. ಇನ್ನೊಂದು ಕಡೆ ಮೇಕೆದಾಟು. 67 ಟಿಎಂಸಿ ನೀರು, 400 ಮೆಗಾವ್ಯಾಟ್. 2019ರಲ್ಲಿ ಅದರ ವಿವರವಾದ ವರದಿ ಕೇಂದ್ರ ಜಲ ಆಯೋಗಕ್ಕೆ ಹೋಯಿತು. ಮುಳುಗುವುದರಲ್ಲಿ ಹೆಚ್ಚಿನ ಪಾಲು ಕಾವೇರಿ ವನ್ಯಧಾಮದ ಕಾಡು. ಮತ್ತೆ ಅದೇ ಎರಡು ರಾಜ್ಯಗಳ ವಾದ, ಅದೇ ಪತ್ರ ವ್ಯವಹಾರ.

ಸಂಸ್ಥಾನದವರು ನದಿಯನ್ನು ಖಾಸಗಿಯವರಿಗೆ ಬರೆದುಕೊಡಲಿಲ್ಲ, ಅದು ಅವರ ದೊಡ್ಡತನ. ನದಿ ಸರ್ಕಾರದ್ದು ಅಂತ ಅವರು ತೀರ್ಮಾನಿಸಿದರು. ಸರ್ಕಾರ ಅಂದರೆ ಯಾರು ಅನ್ನೋದನ್ನ ತೀರ್ಮಾನಿಸೋ ಸರದಿ ನಮ್ಮದು. ನಿಮ್ಮೂರಿನ ಹೊಳೆಗೂ ಇಂಥದ್ದೊಂದು ಫೈಲು ಇದ್ದೇ ಇರುತ್ತೆ. ಯಾರ ಸಹಿ ಇದೆ ಅಂತ ನೋಡೋ ಜೊತೆಗೆ ಯಾರದು ಇಲ್ಲ ಅಂತಲೂ ಒಮ್ಮೆ ನೋಡಿ.