ಮಲ್ಲಯ್ಯನ ದಾರಿಯ ವಸ್ತಿಗಳು

ಸೊನ್ನಲಿಗೆಗೂ ಶ್ರೀಶೈಲಕ್ಕೂ ಇರುವ ನಂಟನ್ನು ನಮ್ಮ ಭಾಗದ ಭಕ್ತಾದಿಗಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹೊಲ ಕಾಯುತ್ತಿದ್ದ ಬಾಲಕ ಸಿದ್ಧರಾಮನ ಬಳಿಗೆ ಮಲ್ಲಯ್ಯನು ಜಂಗಮ ರೂಪದಲ್ಲಿ ಬಂದುದು, ಹುಡುಗನು ಮಜ್ಜಿಗೆ ತರಲು ಮನೆಗೆ ಓಡಿದಾಗ ಆತನು ಮರೆಯಾದುದು, ಅಳುತ್ತ ಅಳುತ್ತ ಮಲ್ಲಯ್ಯನನ್ನು ಹುಡುಕಿ ಹೊರಟ ಬಾಲಕನು ಶ್ರೀಶೈಲಕ್ಕೆ ಸಾಗಿದ್ದ ಯಾತ್ರಿಕರನ್ನು ಕೂಡಿಕೊಂಡುದು, ಇವೆಲ್ಲ ರಾಘವಾಂಕ ಕವಿಯು ‘ಸಿದ್ಧರಾಮಚರಿತ್ರೆ’ಯಲ್ಲಿ ಹಾಡಿರುವ ಪ್ರಸಂಗಗಳು. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಅಕ್ಷರ ಬಾರದ ಅಜ್ಜಿಯೂ ಈ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಾಳೆ.

ಆದರೆ ಈ ಕಥೆಯಲ್ಲಿ ಇತಿಹಾಸಕ್ಕೆ ಬೇಕಾದ ಒಂದು ಸಂಗತಿ ಅಡಗಿದೆ. ರಾಘವಾಂಕನ ಕಾಲಕ್ಕಾಗಲೇ ಸೊನ್ನಲಿಗೆಯ ಮೇಲಿಂದ ಗುಂಪುಗುಂಪಾಗಿ ಯಾತ್ರಿಕರು ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರು, ಮತ್ತು ದಿಕ್ಕಿಲ್ಲದ ಮಗುವೊಂದು ಸೇರಿಕೊಂಡರೂ ಅದನ್ನು ಕರೆದೊಯ್ಯುವಷ್ಟು ಆ ಗುಂಪುಗಳು ರೂಢಿಗೊಂಡಿದ್ದವು. ಆ ಮಗು ರಾತ್ರಿ ಎಲ್ಲಿ ಮಲಗಿತು? ಕವಿ ಅದನ್ನು ಹೇಳುವುದಿಲ್ಲ, ಹೇಳುವ ಅಗತ್ಯವೂ ಅವನಿಗಿರಲಿಲ್ಲ. ಕೇಳುವವರಿಗೆ ಗೊತ್ತಿತ್ತು. ಇಂದಿನ ನಮ್ಮ ತರುಣರಿಗೆ ಗೊತ್ತಿಲ್ಲವಾದ್ದರಿಂದ ಆ ವಸ್ತಿಗಳ ಕುರಿತು ನಾಲ್ಕು ಮಾತು ಬರೆಯಲು ಸಮಿತಿಯವರು ನನಗೆ ಹೇಳಿದರು.

ಅಕ್ಕಲಕೋಟ, ಸೊಲ್ಲಾಪುರದ ಕಡೆಯಿಂದ ಶ್ರೀಶೈಲವು ಏನಿಲ್ಲವೆಂದರೂ ನಾನೂರೈವತ್ತು ಕಿಲೋಮೀಟರು. ಭೀಮೆಯ ಸೀಮೆ ಬಿಟ್ಟು, ಕೃಷ್ಣೆ ದಾಟಿ, ರಾಯಚೂರು ಹಾಯ್ದು, ತುಂಗಭದ್ರೆ ದಾಟಿ, ಕರ್ನೂಲಿನ ಮೇಲಿಂದ ಆತ್ಮಕೂರು ಮುಟ್ಟಬೇಕು. ಅಲ್ಲಿಂದ ಮುಂದೆ ನಲ್ಲಮಲೆಯ ಅಡವಿ. ಹೋಳಿ ಹುಣ್ಣಿಮೆಯ ಆಜುಬಾಜು ಊರು ಬಿಟ್ಟರೆ ಯುಗಾದಿ ಅಮಾವಾಸ್ಯೆಯೊಳಗೆ ಮುಟ್ಟಬೇಕೆಂಬುದು ಲೆಕ್ಕ. ಅಂದರೆ ದಿನಕ್ಕೆ ಮೂವತ್ತು ಕಿಲೋಮೀಟರಿನ ನಡಿಗೆ, ಹದಿಮೂರು ಹದಿನಾಲ್ಕು ರಾತ್ರಿಗಳ ವಸ್ತಿ. ಹೊರಡುವಾಗ ಬೆಳದಿಂಗಳಿರುತ್ತದೆ. ದಿನದಿನಕ್ಕೆ ಚಂದ್ರನು ತಡವಾಗಿ ಮೂಡುತ್ತ ಹೋಗಿ, ಅಡವಿಯ ರಾತ್ರಿಗಳು ಬರುವ ಹೊತ್ತಿಗೆ ಆಕಾಶದಲ್ಲಿ ಚಂದ್ರನೇ ಇರುವುದಿಲ್ಲ. ಪಂಚಾಂಗವೇ ಹೀಗಿರುವಾಗ ಯಾತ್ರಿಕನು ಮಾಡುವುದೇನು?

‘ವಸ್ತಿ’ ಎಂಬುದು ನಮ್ಮ ಕಡೆಯ ಮಾತು. ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಗ್ಗೆ ಹೊರಡುವ ಬಸ್ಸಿಗೂ ನಾವು ವಸ್ತಿ ಗಾಡಿ ಎನ್ನುತ್ತೇವೆ. ಮನೆಯಲ್ಲ, ಮಠವಲ್ಲ, ಧರ್ಮಶಾಲೆಯೂ ಅಲ್ಲ. ಒಂದು ಮರ, ಒಂದಿಷ್ಟು ನೀರು, ಮೂರು ಕಲ್ಲು, ಹಾಸಲು ಕಂಬಳಿ, ಹೊದೆಯಲು ಕೌದಿ ಇಷ್ಟಿದ್ದರೆ ವಸ್ತಿಯಾಯಿತು. ಬುತ್ತಿಯ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇರುತ್ತಿದ್ದವು. ಹಾದಿಯ ಊರವರು ಕೊಟ್ಟ ನುಚ್ಚು, ಬೇಳೆ ಸೇರಿದರೆ ಒಲೆ ಹೂಡುವುದು, ಇಲ್ಲವಾದರೆ ರೊಟ್ಟಿ ಮುರಿದು ನೀರು ಕುಡಿದು ಮಲಗುವುದು.

ಹೊಳೆಯ ವಸ್ತಿಯೇ ಎಲ್ಲಕ್ಕಿಂತ ಸುಖದ ವಸ್ತಿ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಫಾಲ್ಗುಣದಲ್ಲಿ ಕೃಷ್ಣೆಯೂ ತುಂಗಭದ್ರೆಯೂ ಬಡವಾಗಿ, ಪಾತ್ರದ ತುಂಬ ಉಸುಕು ಬಿದ್ದಿರುತ್ತಿತ್ತು. ಹರಿಯುವ ನೀರಿನ ದಂಡೆಗೆ ಯಾರೂ ಮುಗಿಬೀಳುತ್ತಿರಲಿಲ್ಲ. ಒಂದೊಂದು ಊರಿನ ತಂಡವು ಉಸುಕಿನಲ್ಲಿ ಕೂಗಳತೆ ದೂರ ಬಿಟ್ಟು ಕುಳಿತು, ತನ್ನ ಪಾಲಿಗೆ ಒಂದು ಒರತೆ ತೋಡಿಕೊಳ್ಳುತ್ತಿತ್ತು. ಮೊಣಕೈ ಆಳ ಕೆದರಿದರೆ ತಿಳಿನೀರು ಜಿನುಗುತ್ತಿತ್ತು. ಮುಂಜಾನೆ ಹೊರಡುವಾಗ ಒರತೆಯನ್ನು ಮುಚ್ಚುತ್ತಿರಲಿಲ್ಲ, ಹಿಂದಿನಿಂದ ಬರುವವರಿಗಿರಲಿ ಎಂದು ಅಂಚಿಗೆ ಒಂದು ಕಲ್ಲಿಟ್ಟು ಬರುತ್ತಿದ್ದರು.

ಅಡವಿಯ ವಸ್ತಿ ಹೀಗೆ ಸುಖದ್ದಲ್ಲ. ಆತ್ಮಕೂರಿನ ಬಳಿಯ ವೆಂಕಟಾಪುರ ದಾಟಿದರೆ ನಾಗಲೂಟಿ. ಅಲ್ಲಿ ವೀರಭದ್ರನ ಹಳೆಯ ಗುಡಿ ಇದೆ. ಮುಂದೆ ಪೆಚ್ಚೆರುವು, ಅದರಾಚೆ ಭೀಮುನಿ ಕೊಲನು ಎಂಬ ಆಳವಾದ ಕೊಳ್ಳ, ಅದನ್ನು ಇಳಿದು ಹತ್ತಿದರೆ ಕೈಲಾಸದ್ವಾರ. ಒಟ್ಟು ನಲವತ್ತು ಕಿಲೋಮೀಟರಿನ ಆಸುಪಾಸಿನ ಈ ದಾರಿಯಲ್ಲಿ ಹೆಸರುಗಳನ್ನು ಗಮನಿಸಬೇಕು. ತೆಲುಗಿನಲ್ಲಿ ‘ಚೆರುವು’ ಎಂದರೆ ಕೆರೆ, ‘ಕೊಲನು’ ಎಂದರೆ ಕೊಳ. ನೀರು ಎಲ್ಲಿತ್ತೋ ಅಲ್ಲಿ ಹೆಸರು, ಹೆಸರಿದ್ದಲ್ಲಿ ವಸ್ತಿ. ನಡುವಿನದೆಲ್ಲ ಎಲೆ ಉದುರಿದ ತೇಗ, ಬಿದಿರು, ಒಣ ಹುಲ್ಲು.

ಈ ಪರ್ವತಕ್ಕೆ ದೊರೆಗಳು ಮಾಡಿದ ಸೇವೆಗೆ ದಾಖಲೆಗಳುಂಟು. 14ನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮನು ಮೆಟ್ಟಿಲು ಕಟ್ಟಿಸಿದನು. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆಯು 1393ರಲ್ಲಿ ಪಾತಾಳಗಂಗೆಗೆ ಸೋಪಾನ ಮಾಡಿಸಿದಳು. ಕೃಷ್ಣದೇವರಾಯನು ಬಂದು ಸೇವೆ ಸಲ್ಲಿಸಿದನು. 1677ರಲ್ಲಿ ದಕ್ಷಿಣ ದಂಡಯಾತ್ರೆಯ ನಡುವೆ ಶಿವಾಜಿ ಮಹಾರಾಜರು ಇಲ್ಲಿ ತಂಗಿದರು, ಉತ್ತರದ ಗೋಪುರವು ಅವರ ಹೆಸರಿನಲ್ಲಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಒಂದು ಇಡೀ ಪ್ರಕರಣವನ್ನೇ ಪರ್ವತಕ್ಕೆ ಮೀಸಲಿಟ್ಟನು. 1794ರಲ್ಲಿ ಇಲ್ಲಿಗೆ ಬಂದ ಕಾಲಿನ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಸೈನ್ಯಾಧಿಕಾರಿಯೂ ಗುಡಿಯ ವಿವರವನ್ನು ಬರೆದು ಪ್ರಕಟಿಸಿದನು. ಆತನ ಬರಹದಲ್ಲಿಯೂ ಶ್ರೀಶೈಲದ ಹೆಸರು ‘ಪರ್ವತ’ ಎಂದೇ ಇದೆ, ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ‘ಪರ್ವತ ಮಲ್ಲಯ್ಯ’ ಇರುವಂತೆ. ಇವೆಲ್ಲ ಸರಿಯೇ. ಆದರೆ ಮೆಟ್ಟಿಲಿಗೆ ಶಾಸನವುಂಟು, ಮಂಟಪಕ್ಕೆ ಶಾಸನವುಂಟು, ಮರದ ಬುಡಕ್ಕೆ ಯಾರು ಶಾಸನ ಹಾಕಿಸುತ್ತಾರೆ? ಎಂಟುನೂರು ವರ್ಷ ಜನಸಾಮಾನ್ಯರು ಮಲಗಿ ಎದ್ದ ಸ್ಥಳಗಳಿಗೆ ಸಾಕ್ಷಿ ಎಂದರೆ ಕರಿಗಟ್ಟಿದ ಒಲೆಗಲ್ಲುಗಳು ಮಾತ್ರ.

ತಂಡಗಳು ಒಂದೆಡೆ ಗುಂಪಾಗದೆ ಅಡವಿಯಲ್ಲಿ ಚೆದುರಿ ಇಳಿದುಕೊಳ್ಳುತ್ತಿದ್ದುದಕ್ಕೆ ಬಡತನ ಕಾರಣವೆಂದು ಕೆಲವರು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮೊದಲನೆಯ ಕಾರಣ ಕಂಬಿ. ಪ್ರತಿ ಊರಿನವರು ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಾರಷ್ಟೆ. ನಮ್ಮ ಊರ ಪದ್ಧತಿಯಲ್ಲಿ ಅದನ್ನು ನೆಲಕ್ಕೆ ಇಳಿಸುವಂತಿಲ್ಲ, ಮರಕ್ಕೆ ಆನಿಸಿ ಕಟ್ಟಬೇಕು. ಹೀಗಾಗಿ ವಸ್ತಿಗೆ ಮೊದಲು ಹುಡುಕುವುದು ಕಂಬಿಯ ಮರವನ್ನು, ಆಮೇಲೆ ಮನುಷ್ಯರ ಜಾಗವನ್ನು. ಒಂದು ಮರಕ್ಕೆ ಒಂದು ಊರು. ಎರಡನೆಯ ಕಾರಣ ನೀರು. ಬೇಸಿಗೆಯ ಅಡವಿಯ ಕೆರೆ ಎಂದರೆ ನಮ್ಮ ಊರ ಕೆರೆಯಂತಲ್ಲ. ಸಾವಿರ ಜನ ಒಮ್ಮೆಲೆ ದಡಕ್ಕೆ ಇಳಿದರೆ ಗಳಿಗೆಯೊಳಗೆ ಕೆಸರು. ಜಿಂಕೆ, ಕರಡಿ, ಹುಲಿಗಳಿಗೂ ಅದೇ ನೀರು. ಕತ್ತಲಾದ ಮೇಲೆ ನೀರಿನ ಮಗ್ಗುಲಿಗಿರುವುದು ಅವುಗಳ ದಾರಿಗೆ ಅಡ್ಡ ಕೂತಂತೆ.

“ತಮ್ಮಾ, ನೀರಿನ ಮಗ್ಗಲ ಮಲಗಬ್ಯಾಡ, ನೀರು ನಮ್ಮೊಬ್ಬರದಲ್ಲ” ಎಂದು ಅಜ್ಜ ಹೇಳಿದ್ದು ನನಗೆ 1974ರ ಯುಗಾದಿಯ ನಡಿಗೆಯಲ್ಲಿ. ನನಗಾಗ ಹನ್ನೆರಡು ವರ್ಷ, ಕಾಲಲ್ಲಿ ಬೊಬ್ಬೆ. ನೀರಿನಿಂದ ಅಷ್ಟು ದೂರ ಇಳಿದದ್ದಕ್ಕೆ ನನಗೆ ಸಿಟ್ಟು ಬಂದಿತ್ತು, ಕೊಡ ಹೊರುವ ಕೆಲಸ ನನ್ನದಾಗಿತ್ತು. ಅಜ್ಜ ಒಲೆ ಹೂಡುವ ಮುಂಚೆ ನಾಲ್ಕೂ ಕಡೆ ಮಾರು ದೂರ ಎಲೆ, ಹುಲ್ಲು ಕೆದರಿ ಬರೀ ಮಣ್ಣು ಕಾಣುವಂತೆ ಮಾಡುತ್ತಿದ್ದರು. ಬಹಿರ್ದೆಶೆಗೆ ನೀರಿನ ಕೆಳಗಡೆಗೆ, ಅದೂ ದೂರ. ಸ್ನಾನವೆಂದರೆ ಚರಿಗೆಯಲ್ಲಿ ನೀರು ತಂದು, ದಡ ಬಿಟ್ಟು. ಏಳುವಾಗ ಬೂದಿಗೆ ನೀರು ಚಿಮುಕಿಸಿ, ಕೈಯಿಂದ ಮುಟ್ಟಿ ನೋಡಿ, ಮಣ್ಣು ಎಳೆಯುತ್ತಿದ್ದರು. ಮುಟ್ಟಿ ನೋಡದೆ ಹೊರಟ ದಿನ ನನಗೆ ನೆನಪಿಲ್ಲ.

ಈ ಅಡವಿಯ ನೀರನ್ನು ನಮ್ಮವರು ತಾವಾಗಿಯೇ ಕಂಡುಕೊಂಡರೆಂದರೆ ಅದು ಸುಳ್ಳಾಗುತ್ತದೆ. ಅದನ್ನು ತೋರಿಸಿದವರು ಚೆಂಚು ಜನ. ನಲ್ಲಮಲೆ ಅವರ ಮನೆ. ಯಾತ್ರಿಕರಿಗೆ ದಾರಿ ತೋರುವುದು, ಕಾಡು ದಾಟಿಸುವುದು, ಅದಕ್ಕೆ ಕಾಣಿಕೆ ಪಡೆಯುವುದು ಅವರ ಹಳೆಯ ರೂಢಿ. ಮಲ್ಲಯ್ಯನು ಚೆಂಚು ಕನ್ಯೆಯನ್ನು ವರಿಸಿದನೆಂದು ಅವರ ಐತಿಹ್ಯ. ಅವರು ಅವನನ್ನು ಚೆಂಚು ಮಲ್ಲಯ್ಯ ಎನ್ನುತ್ತಾರೆ. ನಮ್ಮ ಕನ್ನಡಿಗರೋ ಭ್ರಮರಾಂಬೆಯನ್ನು ಮನೆಮಗಳೆಂದು ಭಾವಿಸಿ ಯುಗಾದಿಗೆ ಸೀರೆ, ಕುಪ್ಪಸ, ಅರಿಶಿನ, ಕುಂಕುಮ ಒಯ್ಯುತ್ತೇವೆ. ಮಲ್ಲಯ್ಯ ಅವರಿಗೂ ಅಳಿಯ, ನಮಗೂ ಅಳಿಯ. ಹಾಗೆ ನೋಡಿದರೆ ನಾವು ಅವರ ಅಡವಿಯಲ್ಲಿ ಇಳಿದುಕೊಳ್ಳುವುದು ಬೀಗರ ಮನೆಯಲ್ಲಿ ಇಳಿದುಕೊಂಡಂತೆ. ಬೀಗರ ಮನೆಯಲ್ಲಿ ಹೇಗಿರಬೇಕೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು, ಗಂಡಸರಿಗೆ ಅಷ್ಟಾಗಿ ಗೊತ್ತಿಲ್ಲ!

ಇನ್ನು ಬದಲಾವಣೆಯ ಕಾಲ. 1981ರಲ್ಲಿ ಶ್ರೀಶೈಲದ ಅಣೆಕಟ್ಟು ಪೂರ್ತಿಯಾಯಿತು. ಕೃಷ್ಣೆ, ತುಂಗಭದ್ರೆಗಳು ಕೂಡುವ ಸೀಮೆಯಲ್ಲಿ ನೂರರಷ್ಟು ಹಳ್ಳಿಗಳು ನೀರಿನ ಪಾಲಾದವು. ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ, ಶ್ರೀಶೈಲದ ಪಶ್ಚಿಮದ್ವಾರವೆನಿಸಿದ ಆಲಂಪುರಕ್ಕೆ ತಂದು ಕಟ್ಟಿದರು. ನಂದಿಕೋಟ್ಕೂರಿನ ಕಡೆಯ ಸಂಗಮೇಶ್ವರವು ವರ್ಷದ ಬಹುಭಾಗ ಮುಳುಗಿದ್ದು, ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುತ್ತದೆ. ಗುಡಿಗಳನ್ನು ಎತ್ತಿ ಕಟ್ಟಬಹುದು. ಉಸುಕಿನ ದಂಡೆಯನ್ನೂ, ಯಾತ್ರಿಕರಿಗೆ ನುಚ್ಚು, ಮಜ್ಜಿಗೆ ಕೊಡುತ್ತಿದ್ದ ಊರುಗಳನ್ನೂ ಎತ್ತಿ ಕಟ್ಟುವವರಾರು? ಆ ಜನರು ಮನೆ, ಹೊಲ ಕಳೆದುಕೊಂಡು ಎಲ್ಲೆಲ್ಲಿಯೋ ನೆಲೆಸಿದರು. ನಮಗೆ ಅನ್ನವಿಟ್ಟವರ ಕಷ್ಟ ನಮ್ಮ ಯಾತ್ರೆಯ ಚರಿತ್ರೆಯ ಭಾಗವೇ ಆಗಿದೆ.

ಇತ್ತ ಅಡವಿಯು 1983ರಲ್ಲಿ ಹುಲಿ ಯೋಜನೆಗೆ ಸೇರಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಕೃಷ್ಣೆಯ ಆಚೆಗಿನ ಭಾಗ ಅಮ್ರಾಬಾದ್ ಎಂದಾಯಿತು, ನಮ್ಮ ಕಾಲುದಾರಿಯು ಆಂಧ್ರಪ್ರದೇಶದಲ್ಲಿ ಉಳಿಯಿತು. ಶಿವರಾತ್ರಿ ಮತ್ತು ಯುಗಾದಿಯ ಕೆಲವು ದಿನಗಳಲ್ಲಿ ಅರಣ್ಯ ಇಲಾಖೆಯವರು ಈ ದಾರಿಯನ್ನು ಬಿಡುತ್ತಾರೆ, ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ದೇವಸ್ಥಾನದವರು ಶಾಮಿಯಾನ, ಕುಡಿಯುವ ನೀರು, ಔಷಧೋಪಚಾರದ ಏರ್ಪಾಟು ಮಾಡುತ್ತಾರೆ. ಹಾದಿಯುದ್ದಕ್ಕೂ ನಮ್ಮವರದೇ ದಾಸೋಹಗಳಿರುತ್ತವೆ. ಇದರಿಂದ ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ ಆಗಿರುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಾಮಿಯಾನ ಇದ್ದಲ್ಲಿಯೇ ಎಲ್ಲರೂ ಕೂಡುತ್ತಾರೆ. ಚೆದುರಿ ಇಳಿಯುವ ಪದ್ಧತಿ ಹೋಗಿ ಒಂದೇ ನೀರಿನ ಮೇಲೆ ಎಲ್ಲರ ಭಾರ ಬೀಳತೊಡಗಿದೆ.

ಇದನ್ನು ಬೇರೆಯವರ ತಪ್ಪೆಂದು ಬರೆಯುವ ಅಧಿಕಾರ ನನಗಿಲ್ಲ. ಅಜ್ಜ ತೀರಿಕೊಂಡ ಮೇಲೆ ಒಂದು ವರ್ಷ ನಲವತ್ತು ಜನರ ತಂಡಕ್ಕೆ ನಾನೇ ಮುಂದಾಳಾಗಿದ್ದೆ. ಪೆಚ್ಚೆರುವು ಮುಟ್ಟುವಾಗ ಸಂಜೆಯಾಗಿತ್ತು, ಎಲ್ಲರೂ ದಣಿದಿದ್ದರು. ನೀರಿನ ಹತ್ತಿರವೇ ಜಾಗ ಬಯಲಾಗಿತ್ತು. ಅಲ್ಲಿಯೇ ಇಳಿಯಿರಿ ಎಂದೆ. ನಲವತ್ತು ಜನ ದಡದಲ್ಲಿಯೇ ಕಾಲು ತೊಳೆದರು, ಬಟ್ಟೆ ಹಿಂಡಿದರು, ಪಾತ್ರೆ ಬೆಳಗಿದರು. ನಮ್ಮನ್ನು ನೋಡಿ ಹಿಂದೆ ಬಂದ ಇನ್ನೆರಡು ತಂಡಗಳೂ ಅಲ್ಲಿಯೇ ಇಳಿದವು. ರಾತ್ರಿ ಎಂಟರ ಸುಮಾರಿಗೆ ವಿಜಾಪುರ ಕಡೆಯ ಒಂದು ತಂಡ ಬಂತು. ಅದರಲ್ಲಿದ್ದ ಒಬ್ಬ ಮುದುಕಿ ಕತ್ತಲಲ್ಲಿ ತಡವುತ್ತ ಇಳಿದು ಕೊಡ ಅದ್ದಿದಳು. ನನ್ನ ಬ್ಯಾಟರಿಯ ಬೆಳಕಿನಲ್ಲಿ ನೋಡಿದರೆ ಕೊಡದಲ್ಲಿದ್ದುದು ಅಂಬಲಿಯಂಥ ಕೆಸರು. ಆಕೆ ಯಾರನ್ನೂ ಬೈಯಲಿಲ್ಲ. ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ತಂಬಿಗೆಯ ಬಾಯಿಗೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಸೋಸಿ, ಮೊದಲು ಮರಗಾಲಿನ ಮೇಲೆ ನಡೆದು ಬಂದಿದ್ದ ಹುಡುಗನಿಗೆ ಕುಡಿಸಿದಳು. ನಮ್ಮ ಕೊಡದಲ್ಲಿದ್ದ ನೀರನ್ನು ನಾನು ಒಯ್ದು ಕೊಟ್ಟೆ. “ಇರಲಿ ಬಿಡೋ ಯಪ್ಪಾ, ನಿಮಗೂ ಬೇಕಲ್ಲ” ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವರ್ಷದಿಂದ ನಮ್ಮ ತಂಡ ಹಳೆಯ ಕ್ರಮಕ್ಕೆ ಮರಳಿದೆ. ಹದಿನೈದು ಜನಕ್ಕೊಂದು ವಸ್ತಿ, ಕಂಬಿಯ ಮರ ಮೊದಲು, ನೀರಿನಿಂದ ದೂರ, ನೀರು ತರುವ ಸರದಿಗೆ ಇಬ್ಬರು. ದಾಸೋಹದವರು ಬಿಸಿ ಅಡುಗೆ ಕೊಡುವಲ್ಲಿ ಒಲೆ ಹೂಡುವುದನ್ನೇ ಬಿಟ್ಟಿದ್ದೇವೆ, ಒಣ ಹುಲ್ಲಿನ ನಡುವೆ ಒಂದು ಬೆಂಕಿ ಕಡಿಮೆಯಾದರೂ ಮೇಲು. ಕಾಗದದ ತಟ್ಟೆಯ ಬದಲು ಪ್ರತಿಯೊಬ್ಬರ ಗಂಟಿನಲ್ಲಿ ಒಂದು ಪರಾತ, ಒಂದು ತಂಬಿಗೆ. ಹುಡುಗರು ಗೊಣಗುತ್ತಾರೆ. ನಾನೂ ಗೊಣಗಿದ್ದವನೇ.

ಭೀಮುನಿ ಕೊಲನಿನ ಇಳಿಜಾರನ್ನು ನಾವು ನಸುಕಿನಲ್ಲಿಯೇ ಇಳಿಯುತ್ತೇವೆ. ಕೊಳ್ಳದ ತಳದಲ್ಲಿ ತಂಪು, ಮೇಲೆ ಹತ್ತುವಾಗ ಹೊತ್ತು ಏರಿರುತ್ತದೆ. ಕೈಲಾಸದ್ವಾರದಲ್ಲಿ ಕಂಬಿ ಹೊತ್ತವರು ಮುಂದೆ, ಉಳಿದವರು ಹಿಂದೆ. ಅಲ್ಲಿಂದ ಶ್ರೀಶೈಲಕ್ಕೆ ಸಲೀಸು ದಾರಿ. ಯುಗಾದಿಯ ದರ್ಶನವಾದ ಮೇಲೆ ಬಸ್ಸು, ಟೆಂಪೋಗಳಲ್ಲಿ ಊರಿಗೆ ಮರಳುವುದು ಈಗಿನ ರೂಢಿ. ಅಜ್ಜನ ತಲೆಮಾರಿನವರು ಮರಳುವಾಗಲೂ ನಡೆದೇ ಬರುತ್ತಿದ್ದರು, ಹೋಗುವಾಗ ಅಂಚಿಗೆ ಕಲ್ಲಿಟ್ಟು ಬಂದ ಒರತೆಯಲ್ಲಿಯೇ ಮತ್ತೆ ನೀರು ತುಂಬಿಕೊಳ್ಳುತ್ತಿದ್ದರು.